ಮೀನಿಗೆಂದು ಒಯ್ದ ಐಸ್

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಮ್ಮ ಮನೆಯವರು ಮೊದಲು ಕೇಳಿದ್ದು ತಮ್ಮ ಗಾಳದ ಕೋಲನ್ನು. ಅದು ಲೇಕ್ ಫೋರ್ಕ್ ಜಲಾಶಯದ ತಳ ಸೇರಿದೆ. ಜಾರಿ ಬಿದ್ದದ್ದು ಅವರ ಕೈಯಿಂದಲೇ, ಆದರೆ ಅವರಿಗೆ ಅದರ ನೆನಪಿಲ್ಲ. ಆ ಮಧ್ಯಾಹ್ನದ ಸುಮಾರು ಒಂದು ಗಂಟೆ ಅವರ ತಲೆಯಿಂದ ಅಳಿಸಿಹೋಗಿದೆ. ನನಗೆ ನಿಮಿಷ ನಿಮಿಷವೂ ನೆನಪಿದೆ. ಹಾಗಾಗಿ ಅವರು ಬರೆಯಬೇಕಾಗಿದ್ದನ್ನು ನಾನು ಬರೆಯುತ್ತಿದ್ದೇನೆ.

ಅದು 2023ರ ಆಗಸ್ಟ್. ಟೆಕ್ಸಸ್‌ನಲ್ಲಿದ್ದವರಿಗೆ ಆ ಬೇಸಿಗೆಯ ಬಗ್ಗೆ ಹೇಳಬೇಕಾಗಿಲ್ಲ. ಆಸ್ಟಿನ್ ನಗರದಲ್ಲಿ ಸತತ 45 ದಿನ ಉಷ್ಣಾಂಶ ನೂರು ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 38 ಡಿಗ್ರಿ, ಮುಟ್ಟಿತ್ತು ಅಥವಾ ದಾಟಿತ್ತು. ನಾವಿರುವ ಡಲ್ಲಾಸ್ ಕಡೆ ಹಳಬರು ಇಂದಿಗೂ 1980ನ್ನು ನೆನೆಯುತ್ತಾರೆ. ಆ ವರ್ಷ ಇಲ್ಲಿ ಅಂಥದೇ 42 ದಿನಗಳು ಒಂದರ ಹಿಂದೊಂದು ಬಂದಿದ್ದವು. ಇದನ್ನೆಲ್ಲ ಹೇಳಿ, ಮೀನು ಹಿಡಿಯಲು ಹೋಗುವುದು ಬೇಡವೆಂದರೆ ನಮ್ಮವರ ಉತ್ತರ ಒಂದೇ: “ರಾಯಚೂರಾಗ ಬೆಳೆದವನಿಗೆ ಬಿಸಿಲ ಏನ್ ಮಾಡ್ತದ?”

ಆ ಮಾತಿನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ನಾನೂ ಆ ಸೀಮೆಯವಳೇ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಜನ ಬದುಕಿರುವುದು ಬಿಸಿಲಿಗೆ ಎದೆಯೊಡ್ಡಿ ಅಲ್ಲ, ಬಿಸಿಲಿನಿಂದ ತಪ್ಪಿಸಿಕೊಂಡು. ಹೊಲದ ಕೆಲಸ ನಸುಕಿಗೇ ಶುರುವಾಗುತ್ತದೆ. ಹನ್ನೆರಡು ಹೊಡೆಯುವುದರೊಳಗೆ ಎತ್ತು ಬೇವಿನ ನೆರಳಿನಲ್ಲಿರುತ್ತವೆ, ಮನುಷ್ಯರು ಮಾಳಿಗೆ ಮನೆಯೊಳಗೆ. ಕುಡಿಯುವುದು ಉಪ್ಪು ಹಾಕಿದ ಮಜ್ಜಿಗೆ. ಹೊರಗೆ ಹೋಗಲೇಬೇಕಾದರೆ ತಲೆಗೆ ಒದ್ದೆ ಟವೆಲ್, ಕಿಸೆಯಲ್ಲೊಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿ ಕೆಲಸ ಮಾಡುತ್ತದೋ ಇಲ್ಲವೋ, ಅದನ್ನು ಕಿಸೆಗೆ ಹಾಕಿಕೊಳ್ಳುವವನಿಗೆ ಬಿಸಿಲಿನ ಭಯವಂತೂ ಇರುತ್ತದೆ. ನಮ್ಮವರು ಊರಿನಿಂದ ಹೆಮ್ಮೆಯನ್ನು ಮಾತ್ರ ತಂದರು, ಭಯವನ್ನು ಅಲ್ಲೇ ಬಿಟ್ಟು ಬಂದರು.

ಮೀನಿನ ವಿಷಯದಲ್ಲೂ ಹೀಗೇ ಆಯಿತು.

ಹುಡುಗನಾಗಿದ್ದಾಗ ಅವರು ಹಿಡಿಯುತ್ತಿದ್ದದ್ದು ಕೊರವ ಮೀನು. ಕೃಷ್ಣೆಯ ಮಡುಗಳಲ್ಲಿ, ಕೆರೆಗಳ ಜೊಂಡಿನಲ್ಲಿ ಹೊಂಚು ಹಾಕಿ ಕೂರುವ ಬೇಟೆಗಾರ ಮೀನು ಅದು. ಟೆಕ್ಸಸ್‌ಗೆ ಬಂದು ಲಾರ್ಜ್‌ಮೌತ್ ಬಾಸ್ ನೋಡಿದಾಗ ಹಳೆಯ ಗೆಳೆಯ ಸಿಕ್ಕ ಹಾಗಾಯಿತು. ಅದೂ ನೆರಳಿನಲ್ಲಿ ಅವಿತು ಕೂತು ಕಪ್ಪೆಗೆ, ಮರಿಮೀನಿಗೆ ಎರಗುವ ದೊಡ್ಡ ಬಾಯಿಯ ಮೀನು. ಗುಣ ಹೊಂದುತ್ತದೆ, ಆದರೆ ಉಸಿರು ಹೊಂದುವುದಿಲ್ಲ. ಕೊರವ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲದು. ಬೇಸಿಗೆಯಲ್ಲಿ ಕೆರೆ ಬತ್ತಿ ಕೆಸರಾದರೂ ಅದು ಬದುಕುವುದು ಆ ಶಕ್ತಿಯಿಂದ. ಬಾಸ್‌ಗೆ ಕಿವಿರು ಬಿಟ್ಟರೆ ಗತಿಯಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಎಲ್ಲಿದೆಯೋ ಅಲ್ಲಿಯೇ ಅದು ಇರಬೇಕು.

ಆ ದಿನದ ತಪ್ಪಿನಲ್ಲಿ ನನ್ನ ತಮ್ಮನದೂ ಒಂದು ಪಾಲಿದೆ. ನ್ಯೂಜೆರ್ಸಿಯಲ್ಲಿ ಕೂತು ಫೋನಿನಲ್ಲಿ ಸಲಹೆ ಕೊಟ್ಟವನು ಅವನು: “ಭಾವ, ಬೇಸಿಗೆಯಲ್ಲಿ ಮೀನು ತಣ್ಣೀರಿಗೆ ಇಳೀತಾವ. ಕೆರೀ ಎಲ್ಲಿ ಭಾಳ ಆಳ ಅದ, ಅಲ್ಲೇ ಗಾಳ ಬಿಡ್ರಿ.” ಕೇಳಲು ಸರಿಯಾಗಿಯೇ ಇದೆ, ಆದರೆ ಅರ್ಧ ಮಾತ್ರ ನಿಜ. ಬಿಸಿಲು ಹೆಚ್ಚಾದಂತೆ ದೊಡ್ಡ ಕೆರೆಯ ನೀರು ಪದರ ಪದರವಾಗಿ ಬೇರೆಯಾಗುತ್ತದೆ. ಮೇಲಿನ ಬಿಸಿನೀರು ಹಗುರ, ಕೆಳಗಿನ ತಣ್ಣೀರು ಭಾರ, ಎರಡೂ ಬೆರೆಯುವುದಿಲ್ಲ. ನಡುವೆ ಉಷ್ಣಾಂಶ ಥಟ್ಟನೆ ಇಳಿಯುವ ತೆಳು ಪದರವನ್ನು ಥರ್ಮೊಕ್ಲೈನ್ ಅನ್ನುತ್ತಾರೆ. ಅದರ ಕೆಳಗೆ ಗಾಳಿ ಮುಟ್ಟುವುದಿಲ್ಲ, ಬೆಳಕೂ ಸಾಲುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಕಸ ಇದ್ದ ಆಮ್ಲಜನಕವನ್ನೂ ತಿಂದು ಮುಗಿಸುತ್ತವೆ. ತಂಪಾಗಿದೆ ಎಂದು ಬಾಸ್ ಅಲ್ಲಿಗೆ ಇಳಿದರೆ ಉಸಿರುಕಟ್ಟಿ ಸಾಯುತ್ತದೆ. ಆದ್ದರಿಂದ ಅದು ಆ ಗೆರೆಯ ಮೇಲೆಯೇ ಉಳಿಯುತ್ತದೆ. ಮೇಲಿನ ನೀರಲ್ಲೂ ಅದಕ್ಕೆ ಸುಖವಿಲ್ಲ. 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬಿಸಿನೀರಿನಲ್ಲಿ ಮೀನಿನ ಮೈ ಕೇಳುವ ಆಮ್ಲಜನಕ ಹೆಚ್ಚು, ನೀರು ಕೊಡುವುದು ಕಡಿಮೆ.

ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು.

ಲೇಕ್ ಫೋರ್ಕ್ ಡಲ್ಲಾಸ್‌ನ ಪೂರ್ವಕ್ಕಿದೆ. ಅದು 27,000 ಎಕರೆಯ ಜಲಾಶಯ, ಮುಳುಗಿದ ಕಾಡಿನ ಒಣಮರಗಳು ಇಂದಿಗೂ ನೀರಿನಿಂದ ತಲೆ ಎತ್ತಿ ನಿಂತಿವೆ. ಟೆಕ್ಸಸ್‌ನ ಅತಿ ದೊಡ್ಡ ಬಾಸ್, 18.18 ಪೌಂಡ್, ಅಂದರೆ ಎಂಟು ಕಿಲೋಗೂ ಮೇಲಿನದು, 1992ರ ಜನವರಿಯಲ್ಲಿ ಸಿಕ್ಕಿದ್ದು ಅಲ್ಲೇ. ಬಾಸ್ ಹುಚ್ಚಿರುವವರಿಗೆ ಅದು ಪುಣ್ಯಕ್ಷೇತ್ರ. ನಾವು ಒಂದು ಅಲ್ಯೂಮಿನಿಯಂ ದೋಣಿ ಬಾಡಿಗೆಗೆ ಪಡೆದೆವು. ಮೇಲೆ ಚಾವಣಿ ಇಲ್ಲ. ಬಾಡಿಗೆ ಕೊಟ್ಟಾತ ಎಂಜಿನ್ ಹೇಗೆ ನಡೆಸಬೇಕೆಂದು ನಮ್ಮವರಿಗೆ ತೋರಿಸಿದ. ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನೀರಿಗೆ ಇಳಿದಾಗ ಒಂಬತ್ತೂವರೆ. ಬಾಸ್ ಹಿಡಿಯುವವರಲ್ಲಿ ಅರ್ಧದಷ್ಟು ಜನ ಅಷ್ಟೊತ್ತಿಗೆ ದೋಣಿ ಕಟ್ಟಿ ಮನೆಗೆ ಹೊರಟಿದ್ದರು. ಅದನ್ನು ನೋಡಿಯಾದರೂ ನಮಗೆ ತಿಳಿಯಬೇಕಿತ್ತು.

ಆಣೆಕಟ್ಟಿನ ಕಡೆಯ ಆಳದ ನೀರಿನಲ್ಲಿ, ನಲವತ್ತು ಅಡಿ ಕೆಳಗೆ ಗಾಳ ಬಿಟ್ಟು ಅವರು ಮೂರು ಗಂಟೆ ಕೂತರು. ಮೀನು ತೋರಿಸುವ ಸೋನಾರ್ ಪರದೆಯಲ್ಲಿ ಇಪ್ಪತ್ತು ಅಡಿಯ ಹತ್ತಿರ ಹೊಗೆಯಂಥ ಮಸುಕು ಪಟ್ಟಿಯೊಂದು ಉದ್ದಕ್ಕೂ ಕಾಣುತ್ತಿತ್ತು. ಅದು ಮರಿಮೀನಿನ ಹಿಂಡು, ಅದರ ಕೆಳಗೆ ದೊಡ್ಡವು ಇರುತ್ತವೆ ಎಂದು ನನಗೆ ವಿವರಿಸಿದರು. ಅದು ಥರ್ಮೊಕ್ಲೈನ್. ಅವರು ಗಾಳ ಬಿಟ್ಟಿದ್ದು ಒಂದು ಮೀನೂ ಬದುಕಲಾರದ ನೀರಿಗೆ.

ಹನ್ನೆರಡೂವರೆಗೆ ಕುಡಿಯುವ ನೀರು ಮುಗಿಯಿತು. “ರೀ, ಸಾಕು, ದಡಕ್ಕೆ ಹೋಗೋಣ” ಅಂದೆ. “ಇನ್ನೊಂದ್ ಹತ್ ನಿಮಿಷ.” ಅದನ್ನೇ ನಾಲ್ಕು ಸಲ ಹೇಳಿದರು. ಐದನೇ ಸಲ ಉತ್ತರ ಬರಲಿಲ್ಲ. ಅವರು ದಾರಕ್ಕೆ ಗಂಟು ಹಾಕುತ್ತಿದ್ದರು, ಬೆರಳು ಮಾತು ಕೇಳುತ್ತಿರಲಿಲ್ಲ. ಅಂಗಿ ಬೆವರಿನಿಂದ ತೊಯ್ದಿತ್ತು. ಬೆವರುತ್ತಿದ್ದಾರೆ, ಹಾಗಾಗಿ ಅಪಾಯವಿಲ್ಲ ಎಂದು ನಾನು ಭಾವಿಸಿದೆ. ಅದು ನನ್ನ ತಪ್ಪು. ದುಡಿಯುತ್ತ ಬಿಸಿಲಿನ ಹೊಡೆತಕ್ಕೆ ಸಿಕ್ಕವರು ಬೆವರುತ್ತಲೇ ಇರಬಹುದು ಎಂದು ವೈದ್ಯರು ಆಮೇಲೆ ಹೇಳಿದರು. ನೋಡಬೇಕಾದದ್ದು ಮಾತು, ನಡವಳಿಕೆ.

ಕೋಲು ಕೈಜಾರಿ ನೀರಿಗೆ ಬಿತ್ತು. ಅವರು ಅತ್ತ ನೋಡಲಿಲ್ಲ. ನನ್ನ ಕಡೆ ತಿರುಗಿ, ತೀರಾ ಸಹಜವಾಗಿ, “ಎತ್ತು ನೆರಳಿಗೆ ಕಟ್ಟೀಯೇನು?” ಅಂದರು. ಮಾವನವರು ಎತ್ತು ಮಾರಿ ಮೂವತ್ತು ವರ್ಷವಾಗಿದೆ. ನನ್ನ ಎದೆ ಧಸಕ್ಕೆಂದಿತು. ಉತ್ತರ ಕೊಡುವಷ್ಟರಲ್ಲಿ ಅವರು ಪಕ್ಕಕ್ಕೆ ವಾಲಿ ದೋಣಿಯ ತಳಕ್ಕೆ ಕುಸಿದರು. ಮೈ ಮುಟ್ಟಿದರೆ ಕಾದ ಹೆಂಚು.

ಫೋನ್ ತೆಗೆದೆ. ಅದೂ ಬಿಸಿಲಿಗೆ ಕಾದು, ಎಚ್ಚರಿಕೆ ತೋರಿಸಿ, ಆರಿಹೋಗಿತ್ತು. ಎಂಜಿನ್‌ನ ಕೀಲಿ ತಿರುಗಿಸಿದೆ, ಗುರುಗುಟ್ಟಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಎಷ್ಟು ಸಲ ಎಂದು ಲೆಕ್ಕವಿಲ್ಲ. ಸುತ್ತ ಸತ್ತ ಮರಗಳು, ಅಲುಗಾಡದ ನೀರು. ನನ್ನ ಗಂಡ ಈ ತಟ್ಟೆಯಂಥ ದೋಣಿಯಲ್ಲಿ ನನ್ನ ಕಣ್ಣೆದುರೇ ಹೋಗಿಬಿಡುತ್ತಾರೆ ಅನ್ನಿಸಿತು.

ಆಗ ಮೀನಿನ ತೊಟ್ಟಿ ನೆನಪಾಯಿತು. ಹಿಡಿದ ಮೀನು ಜೀವಂತ ಇಡುವ ಆ ತೊಟ್ಟಿಯ ನೀರು ಬೇಸಿಗೆಯಲ್ಲಿ ಕಾದು ಮೀನು ಸಾಯದಿರಲೆಂದು ಅವರು ಎರಡು ಬಾಟಲಿ ನೀರನ್ನು ಹೆಪ್ಪುಗಟ್ಟಿಸಿ ಡಬ್ಬದಲ್ಲಿ ತಂದಿದ್ದರು. ಮೀನಿನ ಬಗ್ಗೆ ಅಷ್ಟು ಮುಂದಾಲೋಚನೆ! ಎರಡನ್ನೂ ಅವರ ಕಂಕುಳುಗಳಿಗೆ ಒತ್ತಿದೆ. ಡಬ್ಬದಲ್ಲಿ ಕರಗಿದ್ದ ತಣ್ಣೀರನ್ನು ತಲೆ, ಕುತ್ತಿಗೆ, ಎದೆಗೆ ಸುರಿದೆ. ನನ್ನ ವೇಲ್ ಒದ್ದೆ ಮಾಡಿ ಮುಖಕ್ಕೆ ಹೊದಿಸಿದೆ, ಮತ್ತೆ ಅದನ್ನೇ ಕಿತ್ತುಕೊಂಡು ಎದ್ದು ನಿಂತು ಬೀಸಿದೆ, ಕೂಗಿದೆ.

ದೂರದಲ್ಲಿ ಮನೆಯ ಕಡೆ ಹೊರಟಿದ್ದ ಒಬ್ಬ ಹಿರಿಯರು ನೋಡಿದರು. ಬಂದವರೇ ಮೊದಲು ನಮ್ಮವರ ಮಣಿಕಟ್ಟಿನಲ್ಲಿ ನೇತಾಡುತ್ತಿದ್ದ ಕೆಂಪು ಸುರುಳಿ ಹಗ್ಗವನ್ನು ಹಿಡಿದು, ಅದರ ತುದಿಯ ಕ್ಲಿಪ್ಪನ್ನು ಎಂಜಿನ್‌ನ ಗುಂಡಿಗೆ ಸಿಕ್ಕಿಸಿದರು. ಕೀಲಿ ತಿರುಗಿಸಿದರು. ಎಂಜಿನ್ ಹತ್ತಿತು. ನಡೆಸುವವನು ಬಿದ್ದರೆ ಎಂಜಿನ್ ತಾನೇ ನಿಲ್ಲಲೆಂದು ಇರುವ ಹಗ್ಗ ಅದು. ಅವರು ಕುಸಿದಾಗ ಕಳಚಿಕೊಂಡಿತ್ತು. ಅದನ್ನು ಸಿಕ್ಕಿಸಲು ಎರಡು ಸೆಕೆಂಡು ಸಾಕು. ನನಗೆ ಯಾರೂ ಹೇಳಿರಲಿಲ್ಲ.

ಆ ಹಿರಿಯರು ಕರೆಸಿದ್ದ ಆಂಬುಲೆನ್ಸ್ ದಡದಲ್ಲೇ ಸಿಕ್ಕಿತು. ಐಸ್ ಇಟ್ಟು ಅಷ್ಟು ಹೊತ್ತಾದ ಮೇಲೂ ಮೈಬಿಸಿ 40 ಡಿಗ್ರಿ ದಾಟಿತ್ತು. ಎರಡು ರಾತ್ರಿ ಆಸ್ಪತ್ರೆ.

ಸೆಪ್ಟೆಂಬರ್ ಮೊದಲ ವಾರ ಆ ಹಿರಿಯರೇ ನಮ್ಮನ್ನು ತಮ್ಮ ದೋಣಿಗೆ ಕರೆದರು. ಸಂಜೆ ಏಳರ ಮೇಲೆ. ಬೇಸಿಗೆಯಲ್ಲಿ ಬಾಸ್ ಕಚ್ಚುವುದಿಲ್ಲ ಎಂಬ ಮಾತನ್ನು ಅವರು ಒಪ್ಪುವುದಿಲ್ಲ. ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹತ್ತು ಕಿಲೋ ಮೀರಿದ ದಾಖಲೆಯ ಬಾಸ್ ಹಿಡಿದದ್ದು 1932ರ ಜೂನ್ 2ರಂದು; ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಆ ದಾಖಲೆಯನ್ನು ಸರಿಗಟ್ಟಿದ್ದು 2009ರ ಜುಲೈ 2ರಂದು. ಬಿಸಿನೀರಿನಲ್ಲಿ ಮೀನಿಗೆ ಹಸಿವು ಜಾಸ್ತಿ, ಆದರೆ ಅದು ತಿನ್ನುವ ಹೊತ್ತು ಚಿಕ್ಕದು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ದಡದ ಹತ್ತಿರ ಮೇಲ್ನೀರಿನ ಗಾಳಕ್ಕೆ ಎರಗುತ್ತದೆ. ಹಗಲಿನಲ್ಲಿ ದೋಣಿಕಟ್ಟೆಯ ಅಡಿ, ಹೈಡ್ರಿಲ್ಲಾ ಕಳೆಯ ಕೆಳಗೆ, ಮುಳುಗಿದ ದಿಬ್ಬದ ಅಂಚಿನಲ್ಲಿ ಇರುತ್ತದೆ, ಥರ್ಮೊಕ್ಲೈನ್‌ನಿಂದ ಮೇಲೆಯೇ. ಟೆನೆಸೀ ನದಿಯ ಜಲಾಶಯಗಳಲ್ಲಿ ಮಧ್ಯಾಹ್ನವೂ ಒಂದು ಅವಕಾಶವಿದೆಯಂತೆ: ಊರಿನ ಎಸಿಗಳೆಲ್ಲ ಓಡುವಾಗ ವಿದ್ಯುತ್ತಿಗಾಗಿ ನೀರು ಬಿಡುತ್ತಾರೆ, ಸೆಳವು ಹುಟ್ಟಿ ಮೀನು ಚುರುಕಾಗುತ್ತವೆ.

ಆ ರಾತ್ರಿ ನಮ್ಮವರು ಕಪ್ಪು ಪ್ಲಾಸ್ಟಿಕ್ ಹುಳ ಕಟ್ಟಿದರು. 1949ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬಾತ ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ಕುದಿಸಿ ಅಚ್ಚುಹಾಕಿದ ಎರೆಹುಳದ ಸಂತತಿ ಅದು. ಹದಿನೈದು ಅಡಿ ನೀರಿನಲ್ಲಿ, ಮರದ ಬುಡದಲ್ಲಿ, ಹತ್ತು ಗಂಟೆಗೆ ಹತ್ತೊಂಬತ್ತು ಇಂಚಿನ ಬಾಸ್ ಸಿಕ್ಕಿತು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಬಾಸ್ ಇಟ್ಟುಕೊಳ್ಳುವಂತಿಲ್ಲ. ಕೊಕ್ಕೆ ಬಿಡಿಸಿ, ಮೀನನ್ನು ನೀರಿನಿಂದ ಹೊರಗೆ ಹೆಚ್ಚು ಹೊತ್ತು ಹಿಡಿಯದೆ ಬಿಟ್ಟರು. ಬಿಸಿನೀರಿನಲ್ಲಿ ಸೆಣಸಿ ದಣಿದ ಮೀನು ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು, ಹಾಗಾಗಿ ಬೇಗ ಎಳೆದು ಬೇಗ ಬಿಡಬೇಕು.

ಈಗ ನಮ್ಮ ದೋಣಿಯಲ್ಲಿ ಉಪ್ಪುಮಜ್ಜಿಗೆ ಇರುತ್ತದೆ, ಚಾವಣಿ ಇರುತ್ತದೆ, ಹೆಪ್ಪುಗಟ್ಟಿದ ಬಾಟಲಿಗಳು ಆರು ಇರುತ್ತವೆ. ಬೆಳಿಗ್ಗೆ ಹತ್ತು ಗಂಟೆಗೆ ದಡ. ಬೇಸಿಗೆಯಲ್ಲಿ ಮೀನಿಗೆ ಹೋಗುವವರಲ್ಲಿ ನನ್ನದೊಂದು ಬೇಡಿಕೆ: ನೀರಿಗೆ ಇಳಿಯುವ ಮೊದಲು ದೋಣಿಯಲ್ಲಿ ನಿಮ್ಮ ಜೊತೆ ಕೂರುವವರನ್ನು, ಅವರು ಹೆಂಡತಿಯೋ, ಮಗಳೋ, ಗೆಳೆಯನೋ, ಎಂಜಿನ್ ಹತ್ತಿರ ಕರೆದು ಆ ಕೆಂಪು ಹಗ್ಗ ಎಲ್ಲಿ ಸಿಕ್ಕಿಸಬೇಕೆಂದು ತೋರಿಸಿ. ಅವರ ಕೈಯಿಂದಲೇ ಒಮ್ಮೆ ಎಂಜಿನ್ ಹತ್ತಿಸಿ ನೋಡಿ.