ಅಪ್ಪ-ಅಮ್ಮ ಬೆಂಗಳೂರಿನಲ್ಲಿ, ಕಾಲೇಜು ಅಮೆರಿಕದಲ್ಲಿ: ಶುಲ್ಕದ ನೆರವಿಗೆ ಅರ್ಜಿ ಹಾಕುವುದು ಹೇಗೆ?

ಎಚ್‌-1ಬಿ ವೀಸಾದ ಮೇಲೆ ಅಮೆರಿಕಕ್ಕೆ ಹೋಗಿ, ಅಲ್ಲೇ ಮಗು ಹುಟ್ಟಿ, ಕೆಲವು ವರ್ಷಗಳ ನಂತರ ಬೆಂಗಳೂರಿಗೋ ಮೈಸೂರಿಗೋ ಮರಳಿದ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಆ ಮಕ್ಕಳು ಈಗ ಪಿಯುಸಿ ಮುಗಿಸುವ ವಯಸ್ಸಿಗೆ ಬಂದಿದ್ದಾರೆ. ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇದೆ, ಇಲ್ಲಿರಲು ಒಸಿಐ ಕಾರ್ಡ್ ಇದೆ. ಆದರೂ ಅಲ್ಲಿನ ಕಾಲೇಜಿನ ಶುಲ್ಕ ಕೇಳಿದೊಡನೆ ಮನೆಯಲ್ಲಿ ಬರುವ ಮಾತು ಒಂದೇ: 'ನಾವು ಇರೋದು ಇಲ್ಲಿ, ತೆರಿಗೆ ಕಟ್ಟೋದೂ ಇಲ್ಲಿ. ನಮಗೆ ಯಾರು ಸಹಾಯ ಕೊಡ್ತಾರೆ?'

ಕೊಡುತ್ತಾರೆ. ಅಮೆರಿಕದ ಫೆಡರಲ್ ನೆರವಿಗೆ ನೋಡುವುದು ವಿದ್ಯಾರ್ಥಿಯ ಪೌರತ್ವವನ್ನು. ಪೋಷಕರು ಯಾವ ದೇಶದ ಪ್ರಜೆಗಳು, ಎಲ್ಲಿ ವಾಸವಾಗಿದ್ದಾರೆ ಎಂಬುದು ಅರ್ಹತೆಗೆ ಅಡ್ಡಿಯಲ್ಲ. ಇಂಥ ಅರ್ಜಿ ಕೆಡುವುದು ಪೋಷಕರು ದೂರ ಇದ್ದಾರೆಂದಲ್ಲ, ಅವರ ಪಾಲಿನ ಭಾಗ ಅರ್ಧಕ್ಕೇ ನಿಂತಿತೆಂದು. ತಾಯಿ-ಮಗಳು ನ್ಯೂಜೆರ್ಸಿಯಲ್ಲಿ, ತಂದೆ ದುಬೈಯಲ್ಲಿ ಎಂಬಂಥ ಮನೆಗಳಿಗೂ ಇದೇ ಮಾತು.

ಮೊದಲು ಅರ್ಹತೆ

ಅರ್ಜಿಯ ಹೆಸರು ಫ್ಯಾಫ್ಸಾ. ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ಮತ್ತು ಇನ್ನು ಕೆಲವು ವರ್ಗದ ವಲಸಿಗರು ಇದಕ್ಕೆ ಅರ್ಹರು. ಎಚ್‌-4 ಅಥವಾ ಎಫ್‌-1 ವೀಸಾದಲ್ಲಿರುವ ಮಕ್ಕಳಿಗೆ ಇದು ಸಿಗುವುದಿಲ್ಲ; ಅವರು ಕಾಲೇಜು ತನ್ನದೇ ನಿಧಿಯಿಂದ ಕೊಡುವ ನೆರವನ್ನು ಕೇಳಬೇಕು.

ವಿದ್ಯಾರ್ಥಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಲೇಬೇಕು. ಹುಟ್ಟಿದ ಕೆಲವೇ ತಿಂಗಳಲ್ಲಿ ಊರಿಗೆ ಬಂದ ಮಕ್ಕಳಿಗೆ ಒಮ್ಮೊಮ್ಮೆ ಅದನ್ನು ಮಾಡಿಸಿಯೇ ಇರುವುದಿಲ್ಲ. ಹಾಗಿದ್ದರೆ ಉಳಿದೆಲ್ಲ ಬಿಟ್ಟು ಅದನ್ನೇ ಮೊದಲು ಮಾಡಿಸಿ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಖಾತೆ: ಇಬ್ಬರಿಗೂ ಬೇರೆ ಬೇರೆ

ಸ್ಟೂಡೆಂಟ್‌ಏಡ್ ಡಾಟ್ ಗವ್ ಜಾಲತಾಣದಲ್ಲಿ ವಿದ್ಯಾರ್ಥಿ ಒಂದು ಖಾತೆ ತೆರೆಯಬೇಕು, ಪೋಷಕರು ತಮ್ಮದೇ ಇಮೇಲ್ ಬಳಸಿ ಇನ್ನೊಂದು. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಪೋಷಕರೂ 2024-25ರ ಅರ್ಜಿಯಿಂದೀಚೆಗೆ ಖಾತೆ ತೆರೆಯಬಹುದು. ಆದರೆ ಹಿಂದೆ ಅಮೆರಿಕದಲ್ಲಿ ದುಡಿದವರಿಗೆ ಆ ನಂಬರ್ ಇದ್ದೇ ಇರುತ್ತದೆ. ಮರಳಿ ಬಂದು ಹದಿನೈದು ವರ್ಷ ಕಳೆದಿದ್ದರೂ, ವೀಸಾ ಮುಗಿದಿದ್ದರೂ ಅದು ರದ್ದಾಗುವುದಿಲ್ಲ. ಹಳೆಯ ಟ್ರಂಕು ತಡಕಿ ಆ ಕಾರ್ಡನ್ನೋ ಹಳೆಯ ಡಬ್ಲ್ಯೂ-2 ಚೀಟಿಯನ್ನೋ ಹುಡುಕಿ. 'ನಂಬರ್ ಇಲ್ಲ' ಎಂದು ಹೊಸದಾಗಿ ಖಾತೆ ತೆರೆಯಲು ಹೋಗಬೇಡಿ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ವಿಶೇಷ ತೊಂದರೆ ಇದೆ. ಒಂದು ದಾಖಲೆಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಸೇರಿ ಮೂರು ಪದ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇರುವಂತೆಯೇ ಬರೆಯಿರಿ; ಆ ಕಾರ್ಡ್ ಇಲ್ಲದವರು ಪಾಸ್‌ಪೋರ್ಟಿನಂತೆ. ಮಗ ಅರ್ಜಿಯಲ್ಲಿ ತುಂಬುವ ಅಪ್ಪನ ಹೆಸರು, ಹುಟ್ಟಿದ ದಿನಾಂಕ ಅಪ್ಪನ ಖಾತೆಯಲ್ಲಿರುವುದಕ್ಕೆ ತಾಳೆಯಾಗಬೇಕು. ಶಾಲೆಯ ಮೇಷ್ಟ್ರು ಬರೆಸಿದ ಜೂನ್ 1 ಬೇರೆ, ಮನೆಯಲ್ಲಿ ಹಬ್ಬ ಮಾಡುವ ದಿನ ಬೇರೆ ಆಗಿರುವವರು ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಯಾವ ಪೋಷಕರು?

ಗಂಡ-ಹೆಂಡತಿ ಕೆಲಸದ ಕಾರಣ ಎರಡು ದೇಶಗಳಲ್ಲಿದ್ದರೆ ಅದು ಬೇರ್ಪಟ್ಟಂತಲ್ಲ. ಮದುವೆ ಉಳಿದಿದೆಯೆಂದರೆ ಇಬ್ಬರ ಆದಾಯವನ್ನೂ ತೋರಿಸಬೇಕು. ಅಮೆರಿಕದಲ್ಲಿ ಜಂಟಿಯಾಗಿ ತೆರಿಗೆ ವಿವರ ಸಲ್ಲಿಸಿದ್ದರೆ ಒಬ್ಬರು ಅರ್ಜಿಗೆ ಸೇರಿದರೆ ಸಾಕು. ನಮ್ಮ ದೇಶದಲ್ಲಿ ಜಂಟಿ ರಿಟರ್ನ್ ಇಲ್ಲ, ಹಾಗಾಗಿ ಇಲ್ಲಿರುವ ದಂಪತಿ ಸಾಮಾನ್ಯವಾಗಿ ಇಬ್ಬರೂ ಖಾತೆ ತೆರೆಯಬೇಕಾಗುತ್ತದೆ. ನಿಜವಾಗಿ ಬೇರ್ಪಟ್ಟಿದ್ದರೆ, ವಿಚ್ಛೇದನವಾಗಿದ್ದರೆ, ಕಳೆದ 12 ತಿಂಗಳಲ್ಲಿ ಮಗುವಿಗೆ ಹೆಚ್ಚು ಹಣಕಾಸು ಆಸರೆ ಕೊಟ್ಟವರ ವಿವರ ಮಾತ್ರ ಬೇಕು. ಮಗು ಯಾರ ಮನೆಯಲ್ಲಿತ್ತು ಎಂದು ನೋಡುತ್ತಿದ್ದುದು ಹಳೆಯ ನಿಯಮ.

ಹೀಗೆ ಸೇರುವ ಪೋಷಕರನ್ನು ಅರ್ಜಿಯಲ್ಲಿ 'ಕಾಂಟ್ರಿಬ್ಯೂಟರ್' ಎನ್ನುತ್ತಾರೆ. ಶುಲ್ಕ ಕಟ್ಟುವ ಹೊಣೆ ತಲೆಗೆ ಬಂತೆಂದು ಕೆಲವರು ಹಿಂಜರಿಯುತ್ತಾರೆ. ಅಂಥ ಹೊಣೆ ಏನೂ ಬರುವುದಿಲ್ಲ, ಮಾಹಿತಿ ಕೊಡುವುದಷ್ಟೇ ಅವರ ಕೆಲಸ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಪ್ಪಿಗೆಯ ಪುಟ. ಅಮೆರಿಕದ ತೆರಿಗೆ ಇಲಾಖೆಯಿಂದ ಮಾಹಿತಿ ಪಡೆಯಲು ಪ್ರತಿಯೊಬ್ಬ ಪೋಷಕರೂ ಒಪ್ಪಿ ಸಹಿ ಮಾಡಬೇಕು. 'ನಾನು ಅಲ್ಲಿ ತೆರಿಗೆಯನ್ನೇ ಕಟ್ಟಿಲ್ಲವಲ್ಲ' ಎಂದು ಇದನ್ನು ಬಿಟ್ಟರೆ ಮಗುವಿಗೆ ಫೆಡರಲ್ ನೆರವು ಒಂದು ಡಾಲರೂ ಸಿಗುವುದಿಲ್ಲ. ನಂಬರ್ ಇಲ್ಲದವರೂ, ಭಾರತದಲ್ಲಷ್ಟೇ ತೆರಿಗೆ ಕಟ್ಟುವವರೂ ಒಪ್ಪಲೇಬೇಕು.

ರೂಪಾಯಿ ಆದಾಯವನ್ನು ಬರೆಯುವುದು

ಫ್ಯಾಫ್ಸಾ ಕೇಳುವುದು ಎರಡು ವರ್ಷ ಹಿಂದಿನ ಆದಾಯ. 2026-27ರ ಅರ್ಜಿಗೆ 2024ರದ್ದು, 2027-28ಕ್ಕೆ 2025ರದ್ದು. ಅವರ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಆ ವರ್ಷದ ಹೆಚ್ಚು ತಿಂಗಳುಗಳು ಯಾವ ಆರ್ಥಿಕ ವರ್ಷದಲ್ಲಿ ಬರುತ್ತವೋ ಅದನ್ನೇ ಹಿಡಿಯಬೇಕು. 2024ಕ್ಕೆ ಸಲ್ಲುವುದು ಆರ್ಥಿಕ ವರ್ಷ 2024-25, ಅಂದರೆ ಅಸೆಸ್‌ಮೆಂಟ್ ವರ್ಷ 2025-26ರ ಐಟಿ ರಿಟರ್ನ್. ಅರ್ಜಿ ತುಂಬುವ ದಿನದ ವಿನಿಮಯ ದರದಲ್ಲಿ ಡಾಲರ್‌ಗೆ ಬದಲಿಸಿ, ಆ ದರ ತೋರಿಸುವ ಪುಟವನ್ನು ಉಳಿಸಿಡಿ. ಇಲ್ಲಿ ಕಟ್ಟಿದ ಆದಾಯ ತೆರಿಗೆಯನ್ನೂ ಬರೆಯಿರಿ. ಲೆಕ್ಕದಲ್ಲಿ ಅದು ನಿಮ್ಮ ಪರವಾಗಿಯೇ ಬರುತ್ತದೆ.

ಡಾಲರ್‌ಗೆ 85 ರೂಪಾಯಿಯ ಲೆಕ್ಕದಲ್ಲಿ 25.5 ಲಕ್ಷದ ವಾರ್ಷಿಕ ಸಂಬಳ 30,000 ಡಾಲರ್ ಆಗುತ್ತದೆ. ಬೆಂಗಳೂರಿನಲ್ಲಿ ಅನುಕೂಲಸ್ಥರೆನಿಸಿಕೊಂಡವರು ಅಲ್ಲಿನ ಲೆಕ್ಕದಲ್ಲಿ ಕಡಿಮೆ ಆದಾಯದವರು. ತಿರುಗಿ ಕೊಡಬೇಕಿಲ್ಲದ ಪೆಲ್ ಗ್ರಾಂಟ್ 2025-26ರಲ್ಲಿ ಗರಿಷ್ಠ 7,395 ಡಾಲರ್ ಇತ್ತು. ಅದರಲ್ಲಿ ಒಂದು ಪಾಲಾದರೂ ಸಿಗುವ ಸಾಧ್ಯತೆಯನ್ನು ಅರ್ಜಿ ಹಾಕದೆ ತಳ್ಳಿಹಾಕುವುದು ಜಾಣತನವಲ್ಲ.

ಪೋಷಕರೇ ಅಮೆರಿಕದ ಪ್ರಜೆಯಾಗಿದ್ದು ಇಲ್ಲಿ ದುಡಿಯುತ್ತಿದ್ದರೆ ಅಲ್ಲಿಗೂ ರಿಟರ್ನ್ ಸಲ್ಲಿಸಬೇಕು. ಅದರಲ್ಲಿ ವಿನಾಯಿತಿ ಪಡೆದ ವಿದೇಶಿ ಆದಾಯವನ್ನು 2026-27ರಿಂದ ಪೆಲ್ ಗ್ರಾಂಟ್‌ನ ಲೆಕ್ಕಕ್ಕೆ ಮರಳಿ ಸೇರಿಸುತ್ತಾರೆ.

ಸೈಟು, ತೋಟ, ಫ್ಲಾಟು

ಆದಾಯದಲ್ಲಿ ಸಿಕ್ಕಿದ್ದನ್ನು ಆಸ್ತಿ ಕಿತ್ತುಕೊಳ್ಳಬಹುದು. ವಾಸದ ಮನೆಯನ್ನು ಫ್ಯಾಫ್ಸಾ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿವೃತ್ತಿ ನಿಧಿಯನ್ನೂ ಇಲ್ಲ. ಆದರೆ ಬಾಡಿಗೆಗೆ ಕೊಟ್ಟ ಫ್ಲಾಟು, ಖಾಲಿ ಸೈಟು, ಷೇರು, ಬ್ಯಾಂಕ್ ಠೇವಣಿ ಎಲ್ಲವೂ ಸೇರುತ್ತವೆ, ಭೂಮಿಯ ಯಾವ ಮೂಲೆಯಲ್ಲಿದ್ದರೂ. ಅದೇ 85 ರೂಪಾಯಿಯ ಲೆಕ್ಕದಲ್ಲಿ 1.7 ಕೋಟಿಯ ಸೈಟು ಅಲ್ಲಿ 2 ಲಕ್ಷ ಡಾಲರ್. ಬರೆಯಬೇಕಾದ್ದು ಅರ್ಜಿ ತುಂಬುವ ದಿನದ ಮಾರುಕಟ್ಟೆ ಬೆಲೆ, ಅದರ ಮೇಲಿನ ಸಾಲ ಕಳೆದು. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವಲ್ಲ. ಅಣ್ಣ-ತಮ್ಮಂದಿರ ನಡುವೆ ಪಾಲಾಗದ ಆಸ್ತಿಯಾದರೆ ನಿಮ್ಮ ಪಾಲು ಮಾತ್ರ.

ಕುಟುಂಬ ವಾಸವಿರುವ ಕೃಷಿ ಜಮೀನಿಗೆ 2026-27ರಿಂದ ವಿನಾಯಿತಿ ಮತ್ತೆ ಬಂದಿದೆ. ಬೆಂಗಳೂರಿನಲ್ಲಿದ್ದುಕೊಂಡು ತೀರ್ಥಹಳ್ಳಿಯ ಅಡಿಕೆ ತೋಟಕ್ಕೆ ಈ ವಿನಾಯಿತಿ ಕೇಳುವುದು ಕಷ್ಟ.

ಫ್ಯಾಫ್ಸಾ ಒಂದೇ ಸಾಲದು

ಅನೇಕ ಖಾಸಗಿ ಕಾಲೇಜುಗಳು ತಮ್ಮ ನಿಧಿಯಿಂದ ಕೊಡುವ ನೆರವಿಗೆ ಕಾಲೇಜ್ ಬೋರ್ಡ್‌ನ ಸಿಎಸ್‌ಎಸ್ ಪ್ರೊಫೈಲ್ ಕೇಳುತ್ತವೆ. ದೊಡ್ಡ ಮೊತ್ತ ಬರುವುದು ಅಲ್ಲಿಂದಲೇ. ಇದರಲ್ಲಿ ಆದಾಯವನ್ನು ರೂಪಾಯಿಯಲ್ಲೇ ಬರೆಯಬಹುದು. ಆದರೆ ಪ್ರಶ್ನೆಗಳು ಹೆಚ್ಚು, ಅನೇಕ ಕಾಲೇಜುಗಳು ವಾಸದ ಮನೆಯನ್ನೂ ಪರಿಗಣಿಸುತ್ತವೆ. ಐಟಿ ರಿಟರ್ನ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಸಿದ್ಧವಿರಲಿ. ಕನ್ನಡದಲ್ಲಿರುವ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ.

ಪರಿಶೀಲನೆಗೆ ಆಯ್ಕೆಯಾದರೆ ಕಾಲೇಜು ರಿಟರ್ನ್‌ನ ಪ್ರತಿ ಕೇಳುತ್ತದೆ. ಕೆಲಸ ಹೋಗಿದ್ದರೆ, ಕಾಯಿಲೆಯ ಖರ್ಚು ಬಂದಿದ್ದರೆ ಕಾಲೇಜಿನ ಆರ್ಥಿಕ ನೆರವಿನ ಕಚೇರಿಗೆ ದಾಖಲೆ ಸಮೇತ ಪತ್ರ ಬರೆಯಿರಿ. ಅಂಕಿಗಳನ್ನು ಬದಲಿಸುವ ಅಧಿಕಾರ ಅಲ್ಲಿನ ಅಧಿಕಾರಿಗೆ ಇದೆ.

ಸಾಲದ ವಿಷಯದಲ್ಲಿ ಒಂದು ಮಾತು. ಪೋಷಕರ ಹೆಸರಿನ ಪ್ಲಸ್ ಸಾಲ ಗ್ರೀನ್ ಕಾರ್ಡ್ ಇಲ್ಲದ ಭಾರತೀಯ ಪ್ರಜೆಗಳಿಗೆ ಸಿಗದು. ಮೊದಲ ವರ್ಷ ವಿದ್ಯಾರ್ಥಿಗೆ ಸಾಮಾನ್ಯವಾಗಿ 5,500 ಡಾಲರ್ ಫೆಡರಲ್ ಸಾಲ ಸಿಗುತ್ತದೆ. ಪೋಷಕರಿಗೆ ಪ್ಲಸ್ ಸಾಲ ಪಡೆಯಲಾಗದು ಎಂದು ಕಾಲೇಜು ದಾಖಲಿಸಿಕೊಂಡರೆ ಅದು 9,500 ಡಾಲರ್‌ವರೆಗೆ ಹೋಗಬಹುದು. ಇದನ್ನು ನೀವೇ ಕೇಳಬೇಕು.

ಬಹುಮಂದಿ ಎಡವುವುದು ರಾಜ್ಯ ವಿಶ್ವವಿದ್ಯಾಲಯಗಳ ವಿಷಯದಲ್ಲಿ. ಅಮೆರಿಕದ ಪ್ರಜೆಯಾದ ಮಾತ್ರಕ್ಕೆ ಯಾವುದೇ ರಾಜ್ಯದ ನಿವಾಸಿ ಆಗುವುದಿಲ್ಲ. ಪೋಷಕರು ಬೆಂಗಳೂರಿನಲ್ಲಿದ್ದರೆ ಹೊರರಾಜ್ಯದವರ ದುಬಾರಿ ಶುಲ್ಕವನ್ನೇ ಸಾಮಾನ್ಯವಾಗಿ ಹಾಕುತ್ತಾರೆ, ರಾಜ್ಯದ ನೆರವೂ ಸಿಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಂಥ ಮಕ್ಕಳು ಹೆಸರಾಂತ ರಾಜ್ಯ ವಿಶ್ವವಿದ್ಯಾಲಯಗಳ ಹಿಂದೆ ಬೀಳುವುದಕ್ಕಿಂತ, ಅಗತ್ಯವನ್ನು ಪೂರ್ತಿ ಭರಿಸುವ ಖಾಸಗಿ ಕಾಲೇಜುಗಳನ್ನು ಪಟ್ಟಿಯಲ್ಲಿ ಮೇಲಿಡುವುದು ಒಳ್ಳೆಯದು.

ಎರಡೂ ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತವೆ. ಪೋಷಕರ ಗುರುತಿನ ಪರಿಶೀಲನೆಗೆ ಸಮಯ ಹಿಡಿಯಬಹುದಾದ್ದರಿಂದ ಖಾತೆಗಳನ್ನು ಆಗಸ್ಟ್‌ನಲ್ಲೇ ತೆರೆದಿಡಿ. ಸಿಎಸ್‌ಎಸ್ ಪ್ರೊಫೈಲ್‌ಗೆ ಶುಲ್ಕವಿದೆ, ಫ್ಯಾಫ್ಸಾ ಸಂಪೂರ್ಣ ಉಚಿತ. ಅದನ್ನು ತುಂಬಿಕೊಡುತ್ತೇವೆಂದು ಹಣ ಕೇಳುವ ಏಜೆಂಟರ ಕೈಗೆ ನಿಮ್ಮ ಖಾತೆಯ ಪಾಸ್‌ವರ್ಡ್ ಕೊಡಬೇಡಿ.