ಸೀಮೆ ದಾಟಿ ಬಂದ ಬೀಜ

(ಪರಿಸರ ಅಧ್ಯಯನ: ಆರರಿಂದ ಎಂಟನೆಯ ತರಗತಿಯವರೆಗೆ)

ಪಾಠದ ಉದ್ದೇಶ

ಹೊರನಾಡಿನಿಂದ ಬಂದ ಸಸ್ಯಗಳಲ್ಲಿ ಉಪಕಾರಿ ಯಾವುದು, ಕಾಡನ್ನು ಕೆಡಿಸುವುದು ಯಾವುದು ಎಂಬುದನ್ನು ಅವುಗಳ ನಡತೆಯನ್ನು ನೋಡಿ ನಿರ್ಣಯಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು. ಬೀಜವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಒಯ್ಯುವಾಗ ವಹಿಸಬೇಕಾದ ಎಚ್ಚರವನ್ನು ಮನಗಾಣಿಸುವುದು.

ಪೀಠಿಕೆ

ಶಿಕ್ಷಕರು ತಮ್ಮ ಕೈಯಲ್ಲಿರುವ ಸೀಮೆಸುಣ್ಣವನ್ನೇ ತೋರಿಸಿ ಪಾಠವನ್ನು ಆರಂಭಿಸಬಹುದು. ಮನೆಯ ಗೋಡೆಗೆ ಬಳಿಯುವುದು ಬರಿಯ ಸುಣ್ಣ; ಇದಕ್ಕೆ ಮಾತ್ರ ‘ಸೀಮೆ’ ಎಂಬ ವಿಶೇಷಣವೇಕೆ? ಸೀಮೆ ಎಂದರೆ ಎಲ್ಲೆ, ಗಡಿ, ನಾಡು. ಗಡಿಯಾಚೆಯಿಂದ, ವಿಶೇಷವಾಗಿ ಕಡಲಾಚೆಯಿಂದ ಬಂದುವಕ್ಕೆ ನಮ್ಮ ಹಿರಿಯರು ಈ ಪದವನ್ನು ಸೇರಿಸಿದರು: ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ, ಸೀಮೆಹುಣಸೆ. ತಮಿಳಿನಲ್ಲಿಯೂ ‘ಸೀಮೈ’ ಎಂಬುದು ಇದೇ ಅರ್ಥವನ್ನು ಕೊಡುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವ ತಾಳವಾಡಿಯ ಮಕ್ಕಳು ಇಂತಹ ಹೆಸರುಗಳನ್ನು ಸುಲಭವಾಗಿ ಕಲೆಹಾಕಬಲ್ಲರು.

‘ಸೀಮೆ’ ಎಂಬ ಗುರುತಿಲ್ಲದೆಯೂ ಹೊರಗಿನಿಂದ ಬಂದವು ಹಲವು. ಆಲೂಗಡ್ಡೆ, ಟೊಮೇಟೊ, ಮುಸುಕಿನ ಜೋಳ, ಮೆಣಸಿನಕಾಯಿ ಇವೆಲ್ಲವೂ ಅಮೆರಿಕ ಖಂಡದ ಮೂಲದವು. ನಮ್ಮ ಮುದ್ದೆಯ ರಾಗಿಯೂ ಬಹು ಪ್ರಾಚೀನ ಕಾಲದಲ್ಲಿ ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳಿಂದ ಬಂದುದೇ. ಆದುದರಿಂದ ಹೊರಗಿನಿಂದ ಬಂದುದೆಲ್ಲವೂ ಕೆಡುಕು ಎಂಬ ನಿರ್ಣಯಕ್ಕೆ ತರಗತಿ ಬರಬಾರದು. ರಾಗಿಯನ್ನು ನಾವು ಬಿತ್ತಿದಲ್ಲಿ ಮಾತ್ರ ಅದು ಬೆಳೆಯುತ್ತದೆ. ನಾವು ಬಿತ್ತದೆಡೆಯಲ್ಲಿಯೂ ತಾನಾಗಿ ಹಬ್ಬಿ, ಅಲ್ಲಿದ್ದುದನ್ನು ಅಳಿಸುವ ಸಸ್ಯಕ್ಕೆ ‘ಆಕ್ರಮಣಕಾರಿ ಸಸ್ಯ’ ಎಂದು ಹೆಸರು. ಈ ಭೇದವೇ ಪಾಠದ ತಿರುಳು.

ಮೂರು ಗಿಡಗಳ ಕಥೆ

1. ಲಂಟಾನ. ತಮಿಳಿನಲ್ಲಿ ಉಣ್ಣಿಚ್ಚೆಡಿ. ಇದರ ತವರು ಉಷ್ಣವಲಯದ ಅಮೆರಿಕ. 19ನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತೆಯ ಸಸ್ಯೋದ್ಯಾನವನ್ನು ಸೇರಿತು. ಅನಂತರ ಬೇಲಿಗೆಂದು ಊರೂರಿಗೆ ಹರಡಿತು. ಹಣ್ಣನ್ನು ತಿಂದ ಪಿಕಳಾರ ಮೊದಲಾದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು.

2. ಬಳ್ಳಾರಿ ಜಾಲಿ. ತಮಿಳಿನಲ್ಲಿ ಸೀಮೈ ಕರುವೇಲಂ. 1870ರ ದಶಕದಲ್ಲಿ ಸೌದೆಗಾಗಿಯೂ ಒಣ ನೆಲಕ್ಕೆ ಹಸಿರನ್ನು ತರುವುದಕ್ಕಾಗಿಯೂ ಇದನ್ನು ತರಿಸಿ ನೆಟ್ಟರು. ಸಿಹಿಯಾದ ಕಾಯಿಗಳನ್ನು ದನ, ಆಡು, ಜಿಂಕೆಗಳು ತಿನ್ನುತ್ತವೆ. ಬೀಜಗಳು ಜೀರ್ಣವಾಗದೆ ಸಗಣಿ ಹಿಕ್ಕೆಗಳೊಡನೆ ಹೊಸ ನೆಲವನ್ನು ಸೇರುತ್ತವೆ. ನಮ್ಮ ಬೆಟ್ಟಗಳ ಕೆಳಗಿನ ಮೋಯಾರ್ ಕಣಿವೆಯಲ್ಲಿ, ಕೃಷ್ಣಮೃಗಗಳು ಮೇಯುವ ಬಯಲಿನಲ್ಲಿ, ಇದು ದಟ್ಟವಾಗಿ ಹಬ್ಬಿದೆ.

3. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಇದನ್ನು ಯಾರೂ ಬೇಕೆಂದು ತರಲಿಲ್ಲ. ಅಮೆರಿಕದಿಂದ ಆಮದಾದ ಗೋಧಿಯೊಡನೆ ಬೀಜವು ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಲಾರಿಯ ಚಕ್ರದ ಕೆಸರು, ಮೇವಿನ ಹೊರೆ, ಮರಳಿನ ರಾಶಿ ಇವೇ ಅದರ ವಾಹನಗಳು.

ಬೇಕೆಂದು ತಂದುದು ಎರಡು, ಅರಿಯದೆ ಬಂದುದು ಒಂದು. ತಂದವರ ಉದ್ದೇಶವು ಕೆಟ್ಟದಾಗಿರಲಿಲ್ಲವೆಂಬುದನ್ನು ಶಿಕ್ಷಕರು ಒತ್ತಿಹೇಳಬೇಕು. ಒಳ್ಳೆಯ ಉದ್ದೇಶವೊಂದೇ ಸಾಲದು ಎಂಬುದನ್ನು ಮಕ್ಕಳು ತಾವಾಗಿ ಕಂಡುಕೊಳ್ಳಲಿ.

ಹಬ್ಬಲು ಕಾರಣವೇನು?

ತವರಿನಲ್ಲಿ ಪ್ರತಿಯೊಂದು ಗಿಡಕ್ಕೂ ಅದನ್ನು ತಿನ್ನುವ ಹುಳು, ಅದಕ್ಕೆ ತಗಲುವ ರೋಗ, ಅದರೊಡನೆ ಸೆಣಸುವ ನೆರೆಯ ಗಿಡ ಇರುತ್ತವೆ. ಬೀಜವು ಸೀಮೆ ದಾಟಿದಾಗ ಈ ಹಿಡಿತಗಳು ಹಿಂದೆ ಉಳಿಯುತ್ತವೆ. ಲಂಟಾನದ ಎಲೆ ದನಗಳಿಗೆ ವಿಷ. ಆದುದರಿಂದ ಮೇಯುವಿಕೆಯಿಂದಲೂ ಅದು ಕುಗ್ಗುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ನಮ್ಮ ಕಾಡಿನ ಪಾಡು

ತಾಳವಾಡಿ, ಹಾಸನೂರು, ದಿಂಬಂ ಪ್ರದೇಶಗಳ ಕಾಡು 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಲಂಟಾನದ ಪೊದೆ ದಟ್ಟವಾದಲ್ಲಿ ನೆಲಕ್ಕೆ ಬಿಸಿಲು ತಾಗದು, ಹುಲ್ಲು ಬೆಳೆಯದು, ಮರಗಳ ಎಳೆಯ ಸಸಿಗಳು ಏಳವು. ಹುಲ್ಲು ಕುಗ್ಗಿದರೆ ಆನೆ, ಕಾಟಿ, ಜಿಂಕೆಗಳ ಮೇವು ಕುಗ್ಗುತ್ತದೆ. ಆನೆಯು ಹೊಲಕ್ಕೆ ಬರುವುದಕ್ಕೆ ಕಾರಣಗಳು ಹಲವು. ಕಾಡಿನಲ್ಲಿ ಮೇವು ಕಡಮೆಯಾಗುವುದು ಅವುಗಳಲ್ಲಿ ಒಂದು. ಒಣಗಿದ ಲಂಟಾನವು ಬೇಸಗೆಯಲ್ಲಿ ಬೆಂಕಿಯನ್ನು ಮರದ ಕೊಂಬೆಗಳವರೆಗೆ ಏರಿಸುತ್ತದೆ.

ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ವರ್ಷದ ಆರಂಭದಲ್ಲಿ ಉದುರೆಲೆಗಳಿಗೆ ಹಗುರವಾದ ‘ತರಗು ಬೆಂಕಿ’ಯನ್ನು ಇಡುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಹೆಚ್ಚಿತೆಂಬುದು ಅವರ ಅನುಭವದ ಮಾತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನು ಹೆಣೆಯುತ್ತಿದ್ದಾರೆ. ತರಗತಿಯಲ್ಲಿ ಸೋಲಿಗ, ಊರಾಳಿ ಮನೆಗಳ ಮಕ್ಕಳಿದ್ದರೆ, ಹಿರಿಯರಿಂದ ಕೇಳಿಬಂದುದನ್ನು ಅವರೇ ಹೇಳಲಿ. ಈ ವಿಷಯದಲ್ಲಿ ಅವರ ಮನೆಯವರೇ ಬಲ್ಲವರು.

ಬೀಜಕ್ಕೂ ರಹದಾರಿ

ಹೊರದೇಶದಿಂದ ಬೀಜ, ಸಸಿಗಳನ್ನು ಮನಬಂದಂತೆ ತರಲು ಕಾನೂನಿನಲ್ಲಿ ಅವಕಾಶವಿಲ್ಲ. 1914ರ ಕಾಯಿದೆ ಹಾಗೂ ಅದರಡಿಯಲ್ಲಿ ಹೊರಟ 2003ರ ಸಸ್ಯ ಕ್ವಾರಂಟೈನ್ ಆಜ್ಞೆಯಂತೆ ಆಮದು ಪರವಾನಗಿ, ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ, ಇಲ್ಲಿನ ತಪಾಸಣೆ ಅವಶ್ಯಕ. ವಿದೇಶದಿಂದ ಮರಳುವ ಬಂಧುಗಳು ಪೆಟ್ಟಿಗೆಯಲ್ಲಿ ತರುವ ಹೂವಿನ ಬೀಜಕ್ಕೂ ಈ ನಿಯಮ ಅನ್ವಯಿಸುತ್ತದೆ. 2020ರಲ್ಲಿ ಕೇಳದೆಯೇ ಅಂಚೆಯಲ್ಲಿ ಬಂದ ಬೀಜದ ಪೊಟ್ಟಣಗಳು ಹಲವು ದೇಶಗಳಲ್ಲಿ ಆತಂಕವನ್ನುಂಟುಮಾಡಿದವು. ಭಾರತ ಸರ್ಕಾರವೂ ಎಚ್ಚರಿಕೆ ನೀಡಿತು.

ಪರೀಕ್ಷಿಸಿ ತರುವುದಕ್ಕೂ ಒಂದು ಉದಾಹರಣೆಯುಂಟು. ಕಾಂಗ್ರೆಸ್ ಗಿಡವನ್ನು ತಿನ್ನುವ ದುಂಬಿಯನ್ನು ಮೆಕ್ಸಿಕೊದಿಂದ ತರಿಸಿ, ಇತರ ಬೆಳೆಗಳಿಗೆ ಹಾನಿಯಾಗುವುದೇ ಎಂಬುದನ್ನು ಪರಿಶೀಲಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು.

ಆದರೆ ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಬೀಜವನ್ನು ತಡೆದು ಕೇಳುವವರಿಲ್ಲ. ಅಲ್ಲಿ ಕಾವಲು ನಮ್ಮ ತಿಳಿವಳಿಕೆಯೇ.

ಚಟುವಟಿಕೆಗಳು

ಅ) ಹೆಸರಿನ ಪಟ್ಟಿ: ಪ್ರತಿ ವಿದ್ಯಾರ್ಥಿಯೂ ಮನೆಯ ಸುತ್ತಲಿನ ಹತ್ತು ಗಿಡಗಳ ಹೆಸರನ್ನು ಕನ್ನಡ, ತಮಿಳು ಹಾಗೂ ಮನೆಮಾತಿನಲ್ಲಿ ಬರೆದು, ಯಾವುದು ಬಿತ್ತಿದ್ದು, ಯಾವುದು ತಾನಾಗಿ ಬಂದದ್ದು ಎಂದು ಗುರುತಿಸಲಿ.

ಆ) ಚೌಕದ ಎಣಿಕೆ: ಶಾಲೆಯ ಆವರಣದಲ್ಲಿ ಒಂದು ಮೀಟರ್ ಚೌಕವನ್ನು ದಾರದಿಂದ ಗುರುತಿಸಿ, ಅದರೊಳಗಿನ ಗಿಡಗಳ ಬಗೆಗಳನ್ನು ಎಣಿಸಲಿ. ಕಾಂಗ್ರೆಸ್ ಗಿಡ ದಟ್ಟವಾಗಿರುವ ಚೌಕವನ್ನೂ ಅದಿಲ್ಲದ ಚೌಕವನ್ನೂ ಹೋಲಿಸಲಿ.

ಇ) ಬಟ್ಟೆಯ ತಪಾಸಣೆ: ಬಯಲಿನಲ್ಲಿ ನಡೆದು ಬಂದ ಬಳಿಕ ಬಟ್ಟೆ, ಚಪ್ಪಲಿಗಳಿಗೆ ಅಂಟಿದ ಬೀಜಗಳನ್ನು ಆರಿಸಲಿ. ಉತ್ತರಾಣಿಯ ಬೀಜ ಬಹುಮಟ್ಟಿಗೆ ಸಿಕ್ಕೇ ಸಿಗುತ್ತದೆ. ಬೀಜದ ಪಯಣಕ್ಕೆ ನಾವೇ ವಾಹನವಾಗುವ ಬಗೆ ಇದರಿಂದ ಮನದಟ್ಟಾಗುತ್ತದೆ.

ಶಿಕ್ಷಕರಿಗೆ ಎಚ್ಚರಿಕೆ

ಕಾಂಗ್ರೆಸ್ ಗಿಡವನ್ನು ಬರಿಗೈಯಲ್ಲಿ ಮುಟ್ಟಿಸಬಾರದು. ಅದರಿಂದ ಚರ್ಮದ ತುರಿಕೆ, ಉಬ್ಬಸ ಉಂಟಾಗುವ ಸಂಭವವಿದೆ. ಲಂಟಾನದ ಕಾಯಿಗಳನ್ನು ತಿನ್ನದಂತೆ ನೋಡಿಕೊಳ್ಳಬೇಕು. ಮಾದರಿಗಾಗಿ ಬೀಜಗಳನ್ನು ತರಿಸದೆ ಚಿತ್ರ ಬರೆಯಿಸುವುದು ಲೇಸು. ಕಾಡಿನೊಳಕ್ಕೆ ಮಕ್ಕಳನ್ನು ಕರೆದೊಯ್ಯಬಾರದು.

‘ಹೊರಗಿನಿಂದ ಬಂದದ್ದು’ ಎಂಬ ಮಾತನ್ನು ಮಕ್ಕಳು ಮನುಷ್ಯರಿಗೆ ಅನ್ವಯಿಸದಂತೆಯೂ ಗಮನಿಸಬೇಕು. ಗಡಿನಾಡಿನಲ್ಲಿ ಎಲ್ಲರ ಮಾತೂ ಎಲ್ಲರ ಮನೆಯೂ ಬೆರೆತಿವೆ. ಇಲ್ಲಿನ ವಿಚಾರವು ಗಿಡಗಳ ಬೆಳವಣಿಗೆಗೆ ಮಾತ್ರ ಸಂಬಂಧಿಸಿದುದು.

ಮೌಲ್ಯಮಾಪನ

1. ಸೀಮೆಬದನೆ, ಬಳ್ಳಾರಿ ಜಾಲಿ ಎರಡೂ ಹೊರಗಿನಿಂದ ಬಂದವು. ಒಂದನ್ನು ಮಾತ್ರ ಆಕ್ರಮಣಕಾರಿ ಎನ್ನುವುದೇಕೆ?
2. ಲಂಟಾನವು ಹೆಚ್ಚಿದರೆ ರೈತನಿಗೆ ಆಗಬಹುದಾದ ತೊಂದರೆಗಳನ್ನು ಕ್ರಮವಾಗಿ ವಿವರಿಸಿ.
3. ನಿಮ್ಮ ಮಾವನವರು ದೂರದೇಶದಿಂದ ಒಂದು ಚೆಂದದ ಹೂವಿನ ಬೀಜವನ್ನು ತಂದಿದ್ದಾರೆ. ನೆಡುವ ಮೊದಲು ಅವರನ್ನು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಯಿರಿ.

ಮೂರನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಅದರ ತವರು ಯಾವುದು, ಅಲ್ಲಿ ಅದನ್ನು ತಿನ್ನುವುದು ಯಾವುದು, ಇಲ್ಲಿ ಅದನ್ನು ತಡೆಯುವುದು ಯಾವುದು ಎಂದು ಮಗುವು ಕೇಳಿದರೆ ಪಾಠವು ಫಲಿಸಿತೆಂದು ತಿಳಿಯಬಹುದು.