ಬಾಗಿಲ ಚೌಕಟ್ಟಿನಲ್ಲಿ ಗೊದ್ದ: ಔಷಧಿಗೆ ಮೊದಲು ತೇವ ಹುಡುಕಿ

ಮೃಗಶಿರ ಮಳೆ ಹಿಡಿದ ಮೇಲೆ ಹಳ್ಳಿಮನೆಗಳಲ್ಲಿ ಇದು ಮಾಮೂಲು. ಬಚ್ಚಲುಮನೆ ಬಾಗಿಲ ಚೌಕಟ್ಟಿನ ಬುಡದಲ್ಲಿ ಬೆಳಿಗ್ಗೆ ನೋಡಿದರೆ ಒಂದಿಷ್ಟು ಮರದ ಹೊಟ್ಟು. ಗುಡಿಸಿದರೆ ಮಾರನೇ ದಿನ ಮತ್ತೆ ಅಷ್ಟೇ. ರಾತ್ರಿ ಲೈಟ್ ಹಾಕಿದರೆ ದೊಡ್ಡ ಕಪ್ಪಿರುವೆಗಳು ಸಂದಿಯಿಂದ ಹೊರಬಂದು ಸಾಲು ಹಿಡಿದಿರುತ್ತವೆ. "ಅಯ್ಯೋ, ಗೆದ್ದಲು ಹಿಡೀತು" ಅಂತ ಗಾಬರಿಯಾಗಿ, ತೋಟಕ್ಕೆ ತಂದಿಟ್ಟ ಕೀಟನಾಶಕವನ್ನೇ ಮನೆಯೊಳಗೆ ಹೊಡೆದುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಕ್ಕಳು ಮಲಗುವ ಮನೆಯೊಳಗೆ ವಿಷ ಸೇರುತ್ತೆ. ಇರುವೆಯನ್ನು ಕರೆತಂದ ನೀರಿನ ಸೋರಿಕೆ ಮಾತ್ರ ಹಾಗೇ ಉಳಿಯುತ್ತೆ.

ಗೊದ್ದ ಮರ ತಿನ್ನುತ್ತದೆಯೇ?

ಇಲ್ಲ. ಗೊದ್ದ, ಕಟ್ಟಿರುವೆ ಎಂದೆಲ್ಲ ನಾವು ಕರೆಯುವ ದೊಡ್ಡ ಕಪ್ಪಿರುವೆ ಕ್ಯಾಂಪೊನೋಟಸ್ ಎಂಬ ಕುಲಕ್ಕೆ ಸೇರಿದ್ದು. ಅಮೆರಿಕದಲ್ಲಿ ಮರದಿಂದ ಕಟ್ಟಿದ ಮನೆಗಳೇ ಹೆಚ್ಚು. ಅಲ್ಲಿ ಇದೇ ಕುಲದ ಇರುವೆಗಳು ಗೋಡೆ, ತೊಲೆ ಕೊರೆದು ಗೂಡು ಮಾಡುವುದರಿಂದ ಅವಕ್ಕೆ "ಬಡಗಿ ಇರುವೆ" ಎಂಬ ಹೆಸರು ಬಂದಿದೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಗೊದ್ದದ ಗೂಡು ಹೆಚ್ಚಾಗಿ ಮಣ್ಣಿನಲ್ಲಿ, ಮರದ ಬುಡದಲ್ಲಿ ಇರುತ್ತೆ. ಆದ್ದರಿಂದ ಅಡುಗೆಮನೆಯಲ್ಲಿ ನಾಲ್ಕು ಗೊದ್ದ ಓಡಾಡಿದ ಮಾತ್ರಕ್ಕೆ ಗೂಡು ಮನೆಯೊಳಗಿದೆ ಅಂತಲ್ಲ. ಇದೇ ಕುಲದ ಕೆಲವು ಜಾತಿಗಳು ಮಾತ್ರ ಒಣಕೊಂಬೆ, ಬಿದಿರು, ಕೊಳೆತ ಮರದೊಳಗೆ ಗೂಡು ಕಟ್ಟುತ್ತವೆ.

ಇವು ಮರವನ್ನು ಕೊರೆದು ಹೊಟ್ಟನ್ನು ಹೊರಗೆ ಎಸೆಯುತ್ತವೆ, ಆಹಾರವಾಗಿ ತಿನ್ನುವುದಿಲ್ಲ. ಕೊರೆಯಲು ಸುಲಭವಾದ, ನೀರು ಕುಡಿದು ಮೆತ್ತಗಾದ ಮರವೇ ಇವಕ್ಕೆ ಇಷ್ಟ. ಅಂದರೆ ಚೌಕಟ್ಟಿನಿಂದ ಹೊಟ್ಟು ಬೀಳುತ್ತಿದೆ ಎಂದರೆ ಅಲ್ಲಿ ಎಲ್ಲೋ ತೇವ ಇದೆ ಅಂತ ಲೆಕ್ಕ.

ಗೆದ್ದಲೋ, ಗೊದ್ದವೋ, ಕುಟ್ಟೆಯೋ?

ಮೂರಕ್ಕೂ ಉಪಾಯ ಬೇರೆ ಬೇರೆ. ಹಾಗಾಗಿ ಮೊದಲು ಗುರುತು ಹಿಡಿಯಿರಿ.

• ಗೊದ್ದ: ಗರಗಸದ ಹೊಟ್ಟಿನಂಥ ತರಿ ಪುಡಿ, ಅದರ ಜೊತೆ ಸತ್ತ ಹುಳಗಳ ಕಾಲು, ತಲೆಯ ಚೂರು. ಕೊರೆದ ದಾರಿ ಮರಳುಕಾಗದ ತಿಕ್ಕಿದ ಹಾಗೆ ನುಣುಪಾಗಿ, ಚೊಕ್ಕಟವಾಗಿರುತ್ತೆ.
• ಗೆದ್ದಲು (ಒರಲೆ): ಗೋಡೆ ಮೇಲೆ, ಮರದ ಮೇಲೆ ಮಣ್ಣಿನ ಕೊಳವೆ. ಮರದ ಒಳಗೂ ಮಣ್ಣು ತುಂಬಿರುತ್ತೆ. ಕೊಳವೆಯನ್ನು ಒಂದು ಕಡೆ ಒಡೆದು ನಾಲ್ಕು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿಕೊಂಡಿದ್ದರೆ ಗೆದ್ದಲು ಜೀವಂತ ಇದೆ.
• ಕುಟ್ಟೆಹುಳ: ಮೈದಾಹಿಟ್ಟಿನಂಥ ನಯವಾದ ಪುಡಿ, ಮರದ ಮೇಲೆ ಗುಂಡುಸೂಜಿ ಗಾತ್ರದ ತೂತುಗಳು.

ಮಳೆ ಬಿದ್ದ ಸಂಜೆ ದೀಪಕ್ಕೆ ರೆಕ್ಕೆಹುಳ ಮುತ್ತಿದಾಗ ಒಂದನ್ನು ಹಿಡಿದು ನೋಡಿ. ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿದ್ದು, ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ ಇದ್ದರೆ ಇರುವೆ. ಸೊಂಟವೇ ಕಾಣದೆ, ಮೀಸೆ ನೆಟ್ಟಗೆ, ನಾಲ್ಕೂ ರೆಕ್ಕೆ ಒಂದೇ ಅಳತೆ ಇದ್ದರೆ ಗೆದ್ದಲು.

ಗೂಡು ಹುಡುಕುವುದು ಹೇಗೆ?

ಇವು ಹೆಚ್ಚಾಗಿ ರಾತ್ರಿ ಓಡಾಡುತ್ತವೆ. ಕತ್ತಲಾದ ಮೇಲೆ ಸಾಲಿನ ಪಕ್ಕ ಒಂದು ಹನಿ ಬೆಲ್ಲದ ಪಾಕ ಇಡಿ. ಟಾರ್ಚ್‌ಗೆ ಕೆಂಪು ಕಾಗದ ಸುತ್ತಿದರೆ ಇರುವೆಗಳು ಅಷ್ಟಾಗಿ ಬೆದರುವುದಿಲ್ಲ. ಪಾಕ ಕುಡಿದ ಇರುವೆ ಎಲ್ಲಿಗೆ ವಾಪಸ್ ಹೋಗುತ್ತೆ ಅಂತ ಸಮಾಧಾನವಾಗಿ ನೋಡಿ.

ಹಗಲಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ಮರವನ್ನು ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದ ಕಡೆ ತುದಿಯಿಂದ ಚುಚ್ಚಿ. ಗಟ್ಟಿಮರಕ್ಕೆ ತುದಿ ಇಳಿಯುವುದಿಲ್ಲ, ಕೊಳೆತ ಮರಕ್ಕೆ ಸಲೀಸಾಗಿ ಇಳಿಯುತ್ತೆ. ಬಚ್ಚಲು ಬಾಗಿಲು, ಕಿಟಕಿಯ ಕೆಳಪಟ್ಟಿ, ಒಡೆದ ಹೆಂಚಿನ ಕೆಳಗಿನ ಪಕಾಸು, ತೊಲೆ ಗೋಡೆಯೊಳಗೆ ಸೇರುವ ಜಾಗ, ಇವಿಷ್ಟನ್ನು ತಪ್ಪದೆ ನೋಡಿ.

ಒಂದು ಎಚ್ಚರಿಕೆ: ಹೆಂಚು ಕೈಯಾಡಿಸಲು ಮಾಡು ಹತ್ತುವ ಮೊದಲು ಈ ಪರೀಕ್ಷೆ ಆಗಲೇಬೇಕು. ಹೊರಗಿನಿಂದ ಚೆನ್ನಾಗಿ ಕಾಣುವ ಪಕಾಸು ಒಳಗೆ ಪೊಳ್ಳಾಗಿದ್ದರೆ ಕಾಲಿಟ್ಟ ಕ್ಷಣ ಮುರಿಯುತ್ತೆ. ಅನುಮಾನ ಬಂದರೆ ಮೊದಲು ಬಡಗಿಗೆ ತೋರಿಸಿ.

ಗೊದ್ದವಾದರೆ ಏನು ಮಾಡಬೇಕು?

1. ನೀರು ಎಲ್ಲಿಂದ ಬರುತ್ತಿದೆ ನೋಡಿ, ನಿಲ್ಲಿಸಿ. ಹೆಂಚು, ಪೈಪು, ಬಚ್ಚಲಿನ ನೀರು ಸಿಡಿಯುವ ಜಾಗ ಸರಿಮಾಡಿ.
2. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಒಣಗಿದ ಮರ ಕೂಡಿಸಿ. ಗೂಡು ಅಲ್ಲೇ ಇದ್ದರೆ ಅರ್ಧ ಕೆಲಸ ಮುಗಿದಂತೆ.
3. ಉಳಿದವಕ್ಕೆ ಆಮಿಷ ಇಡಿ. ಕಾಲು ಲೀಟರ್ ಬೆಚ್ಚಗಿನ ನೀರಿಗೆ 25 ಗ್ರಾಂ ಸಕ್ಕರೆ, 2.5 ಗ್ರಾಂ ಬೋರಿಕ್ ಪುಡಿ ಕರಗಿಸಿ. ಹತ್ತಿಯಲ್ಲಿ ಅದ್ದಿ, ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯೊಳಗೆ ಇರುವೆ ದಾರಿಯಲ್ಲಿಡಿ. ಪುಡಿ ಜಾಸ್ತಿ ಹಾಕಿದರೆ ಬೇಗ ಸಾಯುತ್ತವೆ ಅಂದುಕೊಳ್ಳಬೇಡಿ. ಇರುವೆ ಜೀವಂತವಾಗಿ ಗೂಡಿಗೆ ಹೋಗಿ ಉಳಿದವಕ್ಕೂ ಉಣಿಸಬೇಕು. ಫಲ ಕಾಣಲು ಎರಡು ಮೂರು ವಾರ ಹಿಡಿಯಬಹುದು. ಅಷ್ಟು ದಿನ ಆ ದಾರಿಗೆ ಬೇರೆ ಏನೂ ಸಿಂಪಡಿಸಬೇಡಿ. ಡಬ್ಬಿ ಮಕ್ಕಳ, ನಾಯಿ ಬೆಕ್ಕಿನ ಕೈಗೆ ಸಿಗಬಾರದು.

ಗೆದ್ದಲಾದರೆ ಈ ಆಮಿಷ ಉಪಯೋಗಕ್ಕೆ ಬರಲ್ಲ. ಅದಕ್ಕೆ ಅಡಿಪಾಯದ ಮಣ್ಣಿಗೇ ಚಿಕಿತ್ಸೆ ಆಗಬೇಕು, ತರಬೇತಿ ಇರುವವರಿಂದಲೇ ಮಾಡಿಸಿ. ಇದಕ್ಕೆ ಐ.ಎಸ್. 6313 ಎಂಬ ಭಾರತೀಯ ಮಾನಕವೇ ಇದೆ. ಅದರಂತೆ ಮಾಡುತ್ತೀರಾ ಎಂದು ಕೇಳಿ.

ಮತ್ತೆ ಬಾರದ ಹಾಗೆ

• ಸೌದೆ, ಹಳೇ ಹಲಗೆಗಳನ್ನು ಗೋಡೆಗೆ ಒರಗಿಸಿ ಪೇರಿಸಬೇಡಿ. ಮನೆಯಿಂದ ದೂರ, ಕಲ್ಲಿನ ಮೇಲೆ ಎತ್ತರಿಸಿ ಇಡಿ.
• ಮಾಡಿಗೆ ತಾಗುವ ಮಾವು, ಪೇರಲೆ, ದಾಸವಾಳದ ಕೊಂಬೆ ಕಡಿಯಿರಿ. ಎರಡು ಮೂರು ಅಡಿ ಅಂತರ ಇರಲಿ. ಆ ಗಿಡದಲ್ಲಿ ಹಿಟ್ಟುತಿಗಣೆ ಇದ್ದರೆ ಅದನ್ನೂ ನಿಯಂತ್ರಿಸಿ. ಅದು ಒಸರುವ ಸಿಹಿ ಅಂಟಿಗಾಗಿಯೇ ಗೊದ್ದ ಅಲ್ಲಿ ಸೇರುವುದು.
• ಹೊಸ ಚೌಕಟ್ಟಿನ ಬುಡ ನೆಲಕ್ಕೆ ತಾಗದಿರಲಿ. ಹಿರಿಯರು ಮರದ ಕಂಬದ ಅಡಿಗೆ ಕಲ್ಲು ಕೊಡುತ್ತಿದ್ದದ್ದರಿಂದ ನೆಲದ ತೇವ ಮರಕ್ಕೆ ಏರುತ್ತಿರಲಿಲ್ಲ.
• ಕರಾವಳಿಯ ಕಡೆ ಮರಕ್ಕೆ ಗೇರುಬೀಜದ ಸಿಪ್ಪೆಯೆಣ್ಣೆ ಹಚ್ಚುವ ರೂಢಿ ಇದೆ. ಒಳ್ಳೆಯದೇ. ಆದರೆ ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತೆ, ಕೈಗವಸು ಬೇಕೇ ಬೇಕು.

ತೋಟದಲ್ಲಿರುವ ಗೊದ್ದವನ್ನೆಲ್ಲ ಹುಡುಕಿ ಕೊಲ್ಲುವ ಅಗತ್ಯವಿಲ್ಲ. ಅಲ್ಲಿ ಅದು ಸತ್ತ ಹುಳಗಳನ್ನು ಸಾಗಿಸುತ್ತೆ, ಮಣ್ಣು ಸಡಿಲಿಸುತ್ತೆ. ಈ ಭಾನುವಾರ ಒಂದು ಸ್ಕ್ರೂಡ್ರೈವರ್ ಹಿಡಿದು ಮನೆಯ ಮರಗಳನ್ನೆಲ್ಲ ಒಂದು ಸುತ್ತು ತಟ್ಟಿ ನೋಡಿ. ಒಂದು ಹೆಂಚು ಬದಲಿಸುವ ಖರ್ಚಿನಲ್ಲಿ ಒಂದು ತೊಲೆ ಉಳಿಯಬಹುದು.